ಆಶ್ರಯಪಟ್ಟಣವೂ ಸ್ವಂತ ಮನೆಯೂ

(ಸಭಾಪಾಠ. ಓದತಕ್ಕ ವೇದಭಾಗಗಳು: ಯೆಹೋಶುವ ೨೦, ಯಾಜಕಕಾಂಡ ೨೫:೨೩–೩೮, ಲೂಕ ೧೦:೨೫–೩೭.)



ಮನೆಯಿಲ್ಲದವರಿಗೆ ನಾವು ಮಾಡಬೇಕಾದ ಕರ್ತವ್ಯವೇನು ಎಂಬದು ಈ ತಿಂಗಳಿನ ಪಾಠವಾಗಿರುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲೂಕುಗಳ ಹಳ್ಳಿಯ ಸಭೆಗಳಲ್ಲಿ ಕೆಲವರು, ಇದು ಬೆಂಗಳೂರಿನವರಿಗೆ ತಕ್ಕ ಪಾಠ, ನಮಗೇಕೆ ಎಂದು ಹೇಳಾರು. ನಾವೂ ಹಾಗೆಯೇ ಎಣಿಸಿಕೊಂಡಿದ್ದೆವು. ನಮ್ಮ ಎಣಿಕೆಯು ತಪ್ಪೆಂದು ತೋರಿಸಿದ ಸಂಗತಿಯನ್ನು ಮೊದಲು ಮುಚ್ಚುಮರೆಯಿಲ್ಲದೆ ತಿಳಿಸುವೆವು.

ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಸ್ನಾನಘಟ್ಟದ ಬಳಿಯಲ್ಲಿ ಒಬ್ಬ ವೃದ್ಧೆಯು ಮೂರು ವರ್ಷಗಳ ಕಾಲ ಕೂತಿದ್ದಳು. ಸ್ನಾನಕ್ಕೂ ಪಿತೃಕಾರ್ಯಕ್ಕೂ ಬರುವ ಜನರು ಕೊಟ್ಟದ್ದನ್ನು ತಿಂದು ರಾತ್ರಿಯಲ್ಲಿ ಮಂಟಪದ ಮೂಲೆಯಲ್ಲಿ ಮಲಗುತ್ತಿದ್ದಳು. ನಾವು ಪ್ರತಿ ಕ್ರಿಸ್ಮಸ್ ಹಬ್ಬದಲ್ಲಿ ಸಭೆಯ ಯೌವನಸ್ಥರನ್ನು ಕರಕೊಂಡು ಹೋಗಿ, ಅವಳಿಗೊಂದು ಕಂಬಳಿಯನ್ನೂ ಒಂದು ಹೊತ್ತಿನ ಊಟವನ್ನೂ ಕೊಟ್ಟು, ಪ್ರಾರ್ಥನೆಮಾಡಿ, ಸಂತೋಷದಿಂದ ಮನೆಗೆ ತಿರುಗುತ್ತಿದ್ದೆವು. ನಾಲ್ಕನೆಯ ವರ್ಷದ ಮಳೆಗಾಲದಲ್ಲಿ ಅವಳು ಜ್ವರದಿಂದ ಬಿದ್ದಿರಲಾಗಿ ಅವಳನ್ನು ಸರ್ಕಾರಿ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ದಾದಿಯು ಚೀಟಿ ಬರೆಯುವದಕ್ಕಾಗಿ, “ಯಾವೂರಜ್ಜಿ ನಿಮ್ಮದು?” ಎಂದು ಕೇಳಿದಳು. ಅಜ್ಜಿಯು ಕೂಡಲೇ ಊರ ಹೆಸರನ್ನು ಹೇಳಿದಳು. ಅದು ನಾಗಮಂಗಲ ತಾಲೂಕಿನ ಒಂದು ಹಳ್ಳಿ. ಅಲ್ಲಿ ನಮ್ಮ ಸಭೆಯ ನಾಲ್ಕು ಮನೆಗಳುಂಟು. ತಿಂಗಳಿಗೊಂದು ಸಾರಿ ಆರಾಧನೆ ನಡಿಸುವದಕ್ಕೆ ನಾವು ಅಲ್ಲಿಗೆ ಹೋಗುತ್ತಿದ್ದೆವು.

ಮರುದಿನವೇ ಹೋಗಿ ವಿಚಾರಿಸಿದೆವು. ಗಂಡನು ಸತ್ತ ಮೇಲೆ ಅವಳು ಮಗನ ಮಾತನ್ನು ನಂಬಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದಳು. ಮಗನು ಸಾಲಕ್ಕಾಗಿ ಮನೆಯನ್ನು ಮಾರಿ, ಪಟ್ಟಣದಲ್ಲಿ ಸ್ನಾನಮಾಡಿಸಿಕೊಂಡು ಬೆಂಗಳೂರಿಗೆ ಕರಕೊಂಡು ಹೋಗುವೆನೆಂದು ಊರವರಿಗೆ ಹೇಳಿ, ತಾಯಿಯನ್ನು ಘಟ್ಟದ ಮೆಟ್ಟಲಿನಲ್ಲಿ ಕೂರಿಸಿ ಹೊರಟುಹೋಗಿದ್ದನು. ಕೃಷ್ಣರಾಜಪೇಟೆಯ ಕಡೆಗೆ ಮದುವೆಯಾಗಿ ಹೋಗಿದ್ದ ಮಗಳು, ಅವ್ವನು ಅಣ್ಣನ ಮನೆಯಲ್ಲಿ ಸುಖವಾಗಿದ್ದಾಳೆಂದು ನಂಬಿಕೊಂಡಿದ್ದಳು. ನೆರೆಮನೆಯ ತಾಯಿಯೊಬ್ಬಳು, ನಮ್ಮ ಸಭೆಯವಳೇ, ನಮ್ಮನ್ನು ನೋಡಿ, “ಪಟ್ಟಣದಲ್ಲೇ ಇದ್ದರೇ ಅಯ್ನೋರೆ? ನೀವು ತಿಂಗಳಿಗೊಂದು ಸಲ ಬರ್ತಿದ್ರಲ್ಲ, ಒಂದು ಮಾತು ಹೇಳಬಾರದಾಗಿತ್ತಾ?” ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಮಗಳು ಬಂದು ತಾಯಿಯನ್ನು ಕರಕೊಂಡು ಹೋದಳು. ಅಜ್ಜಿಯು ಮಗಳ ಮನೆಯಲ್ಲಿ ಹತ್ತೊಂಬತ್ತು ದಿವಸವಿದ್ದು ತೀರಿಹೋದಳು. ನಾವು ಮೂರು ಕಂಬಳಿಗಳನ್ನು ಕೊಟ್ಟಿದ್ದೆವು. ಒಂದು ಪ್ರಶ್ನೆಯನ್ನು ಕೇಳಿರಲಿಲ್ಲ.

ಆದದರಿಂದ ಈ ಪಾಠವನ್ನು ಪರರಿಗೆ ಬೋಧಿಸುವವರಾಗಿ ಬರೆಯದೆ, ತಪ್ಪಿದವರಾಗಿ ಬರೆಯುತ್ತೇವೆ.

ಆಶ್ರಯಪಟ್ಟಣಗಳ ಕಟ್ಟಳೆ

ಇಸ್ರಾಯೇಲ್ಯರು ಕಾನಾನ್ ದೇಶವನ್ನು ಸೇರಿದಾಗ ಯೊರ್ದನಿನ ಈಚೆಗೆ ಮೂರು, ಆಚೆಗೆ ಮೂರು, ಒಟ್ಟು ಆರು ಪಟ್ಟಣಗಳು ಆಶ್ರಯಕ್ಕಾಗಿ ನೇಮಿಸಲ್ಪಟ್ಟವು. ತಿಳಿಯದೆ ಕೈತಪ್ಪಿ ನರಹತ್ಯ ಮಾಡಿದವನು ಅಲ್ಲಿಗೆ ಓಡಿಹೋಗಿ ಜೀವವನ್ನು ಉಳಿಸಿಕೊಳ್ಳಬಹುದಾಗಿತ್ತು. ಇಲ್ಲಿ ಒಂದು ಎಚ್ಚರಿಕೆಯು ಬೇಕು. ಮನೆಯಿಲ್ಲದ ಬಡವನು ಅಪರಾಧಿಯಲ್ಲ; ಆ ಕಟ್ಟಳೆಯು ಬಡವರಿಗಾಗಿ ಬರೆದದ್ದೂ ಅಲ್ಲ. ಆದರೂ ದೇವರು ಆಶ್ರಯವೆಂಬದನ್ನು ಯಾವ ರೀತಿಯಲ್ಲಿ ಏರ್ಪಡಿಸಿದನೆಂಬದು ಅದರಲ್ಲಿ ಕಾಣುವದರಿಂದ, ಆ ರೀತಿಯನ್ನು ನಾವು ಕಲಿಯಬಹುದು.

ಯೆಹೋಶುವನ ೨೦ನೆಯ ಅಧ್ಯಾಯವನ್ನು ನಿಧಾನವಾಗಿ ಓದಿದರೆ ಮೂರು ಸಂಗತಿಗಳು ತೋರುವವು. ಮೊದಲನೆಯದು, ಓಡಿಬಂದವನು ಊರಬಾಗಲಲ್ಲಿ ನಿಂತು ತನ್ನ ಸಂಗತಿಯನ್ನು ಹೇಳಬೇಕು, ಹಿರಿಯರು ಅದನ್ನು ಕೇಳಬೇಕು. ಎರಡನೆಯದು, ಅವರು ಅವನನ್ನು ಒಳಗೆ ಸೇರಿಸಿಕೊಂಡು ವಾಸಕ್ಕೆ ಸ್ಥಳವನ್ನು ಕೊಡಬೇಕು. ಮೂರನೆಯದು, ನೇಮಿಸಿದ ಕಾಲವು ತೀರಿದ ಮೇಲೆ ಅವನು ತಾನು ಬಿಟ್ಟುಬಂದ ಊರಿಗೂ ತನ್ನ ಸ್ವಂತ ಮನೆಗೂ ತಿರುಗಿ ಹೋಗಬೇಕು. ಅಂದರೆ ಕೇಳುವದು, ಸ್ಥಳ ಕೊಡುವದು, ಮನೆಗೆ ಸೇರಿಸುವದು. ನಾವು ಅಜ್ಜಿಗೆ ಈ ಮೂರರಲ್ಲಿ ಒಂದನ್ನೂ ಮಾಡಲಿಲ್ಲ. ನಾಲ್ಕನೆಯದೊಂದನ್ನು, ಅಂದರೆ ಕಂಬಳಿ ಹಂಚುವದನ್ನು, ನಾವೇ ಕಲ್ಪಿಸಿಕೊಂಡು ಮಾಡಿದೆವು. ಇನ್ನು ಈ ಮೂರನ್ನು ಒಂದೊಂದಾಗಿ ವಿಚಾರಿಸುವೆವು.

೧. ಕೇಳುವದು

ನಮ್ಮ ಸೀಮೆಯಲ್ಲಿ ಮನೆಯಿಲ್ಲದವರು ಯಾರು? ಕಣ್ಣಿಟ್ಟು ನೋಡಿದರೆ ಅವರು ಒಂದೇ ಬಗೆಯವರಲ್ಲ. ರಂಗನಾಥಸ್ವಾಮಿ ಗುಡಿಯ ಬೀದಿ, ಗಂಜಾಮಿನ ನಿಮಿಷಾಂಬ ಗುಡಿ, ಪಶ್ಚಿಮವಾಹಿನಿ, ಸಂಗಮ ಮುಂತಾದ ಯಾತ್ರಾಸ್ಥಳಗಳಲ್ಲಿ ಮಕ್ಕಳು ಬಿಟ್ಟುಹೋದ ಮುದುಕರುಂಟು. ಬುದ್ಧಿ ಕೆಟ್ಟು ರೈಲು ಹತ್ತಿ ಗೊತ್ತಿಲ್ಲದ ನಿಲ್ದಾಣದಲ್ಲಿ ಇಳಿದವರುಂಟು. ಕುಡುಕ ಗಂಡನ ಹೊಡೆತ ತಾಳಲಾರದೆ ಕೂಸನ್ನು ಎತ್ತಿಕೊಂಡು ಬಸ್ ನಿಲ್ದಾಣದಲ್ಲಿ ರಾತ್ರಿ ಕಳೆಯುವ ಹೆಂಗಸರುಂಟು. ಕಬ್ಬು ಕಡಿಯುವದಕ್ಕೆ ಬಳ್ಳಾರಿಯ ಕಡೆಯಿಂದಲೂ, ಆಲೆಮನೆಗಳಲ್ಲಿ ಬೆಲ್ಲ ಕಾಯಿಸುವದಕ್ಕೆ ಉತ್ತರಪ್ರದೇಶದಿಂದಲೂ ಬಂದು, ಗದ್ದೆಯ ಬದಿಯಲ್ಲಿ ಟಾರ್ಪಾಲಿನ ಕೆಳಗೆ ತಿಂಗಳುಗಟ್ಟಳೆ ವಾಸಿಸುವ ಸಂಸಾರಗಳುಂಟು. ಇವರಿಗೆ ಊರಿದೆ, ಕೆಲಸವಿದೆ. ಆದರೆ ಮಳೆಗೂ ಹಾವಿಗೂ ಮರೆಯಾಗುವ ಗೋಡೆಯಿಲ್ಲ.

೨೦೧೧ರ ಜನಗಣತಿಯಲ್ಲಿ ಇಂಡಿಯಾ ದೇಶದಲ್ಲಿ ಮನೆಯಿಲ್ಲದವರೆಂದು ಎಣಿಸಲ್ಪಟ್ಟವರು ಸುಮಾರು ೧೭ ಲಕ್ಷ ೭೩ ಸಾವಿರ ಮಂದಿ. ಅವರಲ್ಲಿ ೮ ಲಕ್ಷಕ್ಕಿಂತ ಹೆಚ್ಚು ಮಂದಿ ಗ್ರಾಮಾಂತರದಲ್ಲಿ ಕಂಡವರು. ಆದದರಿಂದ ಇದು ದೊಡ್ಡ ಪಟ್ಟಣದವರ ಪಾಠವೆಂದು ಹೇಳುವದಕ್ಕೆ ನಮಗೆ ಎಡೆಯಿಲ್ಲ. ಇದಲ್ಲದೆ ಪಟ್ಟಣದ ಬೀದಿಯಲ್ಲಿ ಮಲಗುವವನೂ ಯಾವದೋ ಒಂದು ಹಳ್ಳಿಯಿಂದಲೇ ಬಂದಿರುವನು.

ಮನೆ ಕಳಕೊಳ್ಳುವದರಲ್ಲಿಯೂ ಎರಡು ವಿಧವುಂಟು. ಕೃಷ್ಣರಾಜಸಾಗರದ ಅಣೆಕಟ್ಟನ್ನು ೧೯೧೧ರಲ್ಲಿ ಕಟ್ಟಲು ತೊಡಗಿದ ಮೇಲೆ ಕನ್ನಂಬಾಡಿ ಮುಂತಾದ ಊರುಗಳು ನೀರಿನ ಪಾಲಾದವು. ಆ ಜನರು ಬಹಳ ಸಂಕಟಪಟ್ಟರು. ಆದರೆ ನೆರೆಯವರು ನೆರೆಯವರೊಂದಿಗೇ ಎದ್ದು ಹೋದದ್ದರಿಂದ ಹೊಸ ಕನ್ನಂಬಾಡಿ ಎಂದು ಊರಿನ ಹೆಸರಾದರೂ ಉಳಿಯಿತು. ಒಬ್ಬನೇ ಮನೆಯನ್ನು ಕಳಕೊಂಡವನಿಗೆ ಹೆಸರೂ ಉಳಿಯುವದಿಲ್ಲ. ಅವನನ್ನು ಅಜ್ಜ, ಹುಚ್ಚ, ಭಿಕ್ಷುಕ ಎಂದು ಕರೆಯುವರು. ಹೆಸರು ಹಿಡಿದು ಕರೆಯುವದೇ ಅವನಿಗೆ ಮಾಡತಕ್ಕ ಮೊದಲನೆಯ ಉಪಕಾರವಾಗಿದೆ.

ಕೇಳುವ ಕ್ರಮವನ್ನು ನಾವು ತಪ್ಪಿ ತಪ್ಪಿ ಕಲಿತಿದ್ದೇವೆ. ನಿಂತುಕೊಂಡು ಕೇಳಬಾರದು, ಪಕ್ಕದಲ್ಲಿ ಕೂತು ಕೇಳಬೇಕು. ಗುಂಪು ಕಟ್ಟಿಕೊಂಡು ಹೋಗಬಾರದು. ಕೊಡುವಾಗ ಫೋಟೋ ತೆಗೆಯಬಾರದು. ನಾಚಿಕೆಪಟ್ಟವನು ಮತ್ತೆ ಬಾಯಿ ಬಿಡುವದಿಲ್ಲ. ಮೊದಲನೆಯ ದಿನ ಊಟವಾಯಿತೇ ಎಂದು ವಿಚಾರಿಸಿದರೆ ಸಾಕು. ಊರಿನ ಮಾತು ಮೂರನೆಯ ದಿನಕ್ಕಾದರೂ ಬರುವದು. ಬುದ್ಧಿ ಕಲಕಿದವರು ತಾಲೂಕಿನ ಹೆಸರನ್ನು ಮರೆತಿರಬಹುದು. ಆದರೆ ನಿಮ್ಮೂರ ಸಂತೆ ಯಾವ ವಾರ, ಹೊಳೆಯುಂಟೋ ಕೆರೆಯುಂಟೋ, ಯಾವ ದೇವರ ಜಾತ್ರೆ, ಹೊಲದಲ್ಲಿ ರಾಗಿಯೋ ಜೋಳವೋ ಎಂದು ಕೇಳಿದರೆ ಹೇಳುವರು. ಸಂತೆಯ ವಾರವೂ ಜಾತ್ರೆಯ ಹೆಸರೂ ಸಿಕ್ಕಿದರೆ ಊರನ್ನು ಹುಡುಕುವದು ಅಷ್ಟು ಕಷ್ಟವಲ್ಲ.

ಬುದ್ಧಿಭ್ರಮಣೆಯಿಂದ ಅಲೆಯುವವರ ವಿಷಯದಲ್ಲಿ ಸರ್ಕಾರದ ಕಟ್ಟಳೆಯೂ ನಮಗೆ ಸಹಾಯವಾಗಿದೆ. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ, ತನ್ನನ್ನು ತಾನೇ ನೋಡಿಕೊಳ್ಳಲಾರದೆ ಅಲೆಯುವ ರೋಗಿಯನ್ನು ಪೊಲೀಸರು ತಮ್ಮ ರಕ್ಷಣೆಗೆ ತೆಗೆದುಕೊಂಡು ೨೪ ಗಂಟೆಗಳೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಸೇರಿಸಬೇಕು. ಅಂಥವನನ್ನು ಠಾಣೆಯ ಕೊಠಡಿಯಲ್ಲಾಗಲಿ ಸೆರೆಮನೆಯಲ್ಲಾಗಲಿ ಇಡಬಾರದು. ಕಾಣೆಯಾದವನೆಂದು ದೂರು ದಾಖಲಿಸಿ ಅವನ ಮನೆಯವರನ್ನು ಹುಡುಕಬೇಕು. ಇದನ್ನು ತಿಳಿದ ಸಭೆಯ ಹಿರಿಯರು ಇಬ್ಬರು ಜೊತೆಯಲ್ಲಿ ಠಾಣೆಗೆ ಹೋಗಿ ವಿನಯದಿಂದ ಕೇಳಿಕೊಂಡರೆ ಕೆಲಸವಾಗುವದು. ಮುದುಕರ ವಿಷಯವಾಗಿ ೧೪೫೬೭, ಮಕ್ಕಳ ವಿಷಯವಾಗಿ ೧೦೯೮, ಹೆಂಗಸರ ವಿಷಯವಾಗಿ ೧೮೧, ಅಪಾಯದ ವೇಳೆಯಲ್ಲಿ ೧೧೨ ಎಂಬ ದೂರವಾಣಿ ಸಂಖ್ಯೆಗಳನ್ನು ದೇವಾಲಯದ ಬಾಗಲಿನಲ್ಲಿ ಬರೆದು ಅಂಟಿಸಿರಿ.

೨. ಸ್ಥಳ ಕೊಡುವದು

ಒಳ್ಳೆಯ ಸಮಾರ್ಯದವನು ಗಾಯಪಟ್ಟವನನ್ನು ಛತ್ರಕ್ಕೆ ಕರಕೊಂಡು ಬಂದು ಆರೈಕೆಮಾಡಿದನು. ಮರುದಿನ ಛತ್ರದವನಿಗೆ ಎರಡು ನಾಣ್ಯಗಳನ್ನು ಕೊಟ್ಟು, ಹೆಚ್ಚಿಗೆ ಖರ್ಚಾದರೆ ತಿರುಗಿ ಬಂದಾಗ ಕೊಡುವೆನೆಂದು ಹೇಳಿದನು. ದಯೆಗೆ ಲೆಕ್ಕವೂ ಬೇಕು, ತಿರುಗಿ ಬಂದು ನೋಡುವದೂ ಬೇಕೆಂದು ಇದರಿಂದ ಕಲಿಯುತ್ತೇವೆ. ನಮ್ಮ ದೇಶದಲ್ಲಿ ಛತ್ರವು ಹೊಸದಲ್ಲ. ಪಶ್ಚಿಮವಾಹಿನಿಯ ಹಳೆಯ ಛತ್ರಗಳನ್ನು ನೋಡಿದವರಿಗೆ, ದಾರಿಗನಿಗೆ ಸೂರು ಕೊಡುವದನ್ನು ನಮ್ಮ ಹಿಂದಿನವರು ಎಷ್ಟು ದೊಡ್ಡ ಧರ್ಮವೆಂದು ಎಣಿಸಿದರೆಂಬದು ತಿಳಿಯುವದು. ಧಾತು ಈಶ್ವರ ಸಂವತ್ಸರಗಳಲ್ಲಿ, ಅಂದರೆ ೧೮೭೬ರಿಂದ ೧೮೭೮ರ ವರೆಗೆ ಬಂದ ಮಹಾಕ್ಷಾಮದ ತರುವಾಯ ವೆಸ್ಲಿಯನ್ ಮಿಷನಿನವರು ಹಾಸನದಲ್ಲಿಯೂ ತುಮಕೂರಿನಲ್ಲಿಯೂ ಅನಾಥಾಲಯಗಳನ್ನು ನಡಿಸಿದರು. ನಮ್ಮ ಕಾಲದಲ್ಲಿ ಬೆಂಗಳೂರಿನ ಆಟೋ ಚಾಲಕರಾದ ಟಿ. ರಾಜಾ ಎಂಬವರು, ಹುಡುಗತನದಲ್ಲಿ ತಾವೇ ಬೀದಿಯಲ್ಲಿ ಮಲಗಿದವರಾಗಿ, ೧೯೯೭ರಲ್ಲಿ ಬೀದಿಯಲ್ಲಿ ಬಿದ್ದಿದ್ದವರನ್ನು ತಮ್ಮ ಆಟೋದಲ್ಲಿ ಎತ್ತಿಕೊಂಡು ಬಂದು ಹುಣ್ಣು ತೊಳೆಯಲಾರಂಭಿಸಿದರು. ಅದು ಬೆಳೆದು ನೂರಾರು ಮಂದಿಯನ್ನು ಸಾಕುವ ಆಶ್ರಮವಾಯಿತು. ಹೋಗತಕ್ಕ ಮನೆಯೇ ಇಲ್ಲದವರಿಗೂ ಸಾಯುವ ಸ್ಥಿತಿಯಲ್ಲಿರುವವರಿಗೂ ಅಂಥ ಸ್ಥಳಗಳು ಅವಶ್ಯವಾಗಿವೆ.

ಸಣ್ಣ ಸಭೆಯು ಶಾಲೆಯ ಹಳೆಯ ಕೊಠಡಿಯಲ್ಲಿ ಕೆಲವರಿಗೆ ತಂಗುವದಕ್ಕೆ ಸ್ಥಳ ಮಾಡುವದಾದರೆ ಈ ನಿಯಮಗಳನ್ನು ನೆನಪಿನಲ್ಲಿಡಬೇಕು.

ಮೊದಲು ಅಳತೆ. ೨೦೧೩ರಲ್ಲಿ ಹೊರಟ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ನಿಯಮಗಳಲ್ಲಿ ಒಬ್ಬನಿಗೆ ಕಡೇ ಪಕ್ಷ ೫೦ ಚದರ ಅಡಿ ಸ್ಥಳವಿರಬೇಕೆಂದು ಹೇಳಿತ್ತು. ೨೦ ಅಡಿ ಅಗಲ, ೨೫ ಅಡಿ ಉದ್ದದ ಕೊಠಡಿಯಲ್ಲಿ ಮೂವತ್ತು ಚಾಪೆಗಳನ್ನು ಹಾಸಬಹುದು. ಆದರೆ ಈ ಅಳತೆಯ ಪ್ರಕಾರ ಅದು ಹತ್ತು ಜನರ ಸ್ಥಳ. ಜನರನ್ನು ತುಂಬಿದರೆ ಕೆಮ್ಮೂ ಕಜ್ಜಿಯೂ ಹಬ್ಬುವವು, ಜಗಳವೂ ಹುಟ್ಟುವದು. ೨೦೧೦ನೆಯ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಕೆಲವೇ ದಿನಗಳೊಳಗೆ ಇಪ್ಪತ್ತಕ್ಕಿಂತ ಹೆಚ್ಚು ಮಂದಿ ಸತ್ತದ್ದನ್ನು ಪತ್ರಿಕೆಗಳಲ್ಲಿ ಓದಿ ನಾಡೆಲ್ಲಾ ಮರುಗಿತು. ಬಾಗಲನ್ನು ಹಾಕಿ ಜನರನ್ನು ಕೂಡಿಟ್ಟ ಮಾತ್ರಕ್ಕೆ ಅದು ಆಶ್ರಯವಾಗುವದಿಲ್ಲ.

ಎರಡನೆಯದಾಗಿ ಹೆಂಗಸರಿಗೆ ಬೇರೆ ಕೊಠಡಿ, ಬೇರೆ ಪಾಯಿಖಾನೆ, ಒಳಗಿನಿಂದ ಹಾಕಿಕೊಳ್ಳುವ ಅಗಳಿ, ರಾತ್ರಿಯೆಲ್ಲಾ ಉರಿಯುವ ದೀಪ, ನೋಡಿಕೊಳ್ಳುವದಕ್ಕೆ ಒಬ್ಬ ಹೆಂಗಸು ಇರಬೇಕು. ಇವಿಲ್ಲದಿದ್ದರೆ ಹೆಂಗಸರನ್ನು ಸೇರಿಸಿಕೊಳ್ಳದೆ, ತಕ್ಕ ಸ್ಥಳಕ್ಕೆ ಜೊತೆಯಲ್ಲಿ ಹೋಗಿ ಮುಟ್ಟಿಸುವದೇ ಲೇಸು. ಒಂಟಿಯಾಗಿ ಬಂದ ಮಗುವನ್ನು ಒಂದು ರಾತ್ರಿಯೂ ನಾವೇ ಇಟ್ಟುಕೊಳ್ಳದೆ ಕೂಡಲೇ ೧೦೯೮ಕ್ಕೆ ತಿಳಿಸತಕ್ಕದ್ದು.

ಮೂರನೆಯದಾಗಿ ದಾಖಲೆಯ ಪುಸ್ತಕ. ಹೆಸರು, ತಂದೆಯ ಅಥವಾ ಗಂಡನ ಹೆಸರು, ಊರು, ಹೋಬಳಿ, ತಾಲೂಕು, ಕಸುಬು, ರೋಗ, ಯಾರಿಗೆ ತಿಳಿಸಬೇಕು, ಯಾರಿಗೆ ತಿಳಿಸಬಾರದು ಎಂಬ ಇಷ್ಟನ್ನೂ ಬರೆಯಬೇಕು. ಕಡೇ ಮಾತನ್ನು ಮರೆಯಬೇಡಿರಿ. ಹೊಡೆಯುವ ಗಂಡನಿಗೆ ಹೆಂಡತಿಯ ವಿಳಾಸವನ್ನು ಕೊಡುವದು ಪಾಪವಾಗಿದೆ. ಬಂದವರ ಸಂಗತಿಯನ್ನು ಠಾಣೆಗೂ ತಿಳಿಸಿರಿ. ಅವರ ಗಂಟನ್ನು ಕೊಳಕೆಂದು ಬಿಸಾಡಬೇಡಿರಿ. ಅದರೊಳಗೆ ಪಡಿತರ ಚೀಟಿಯೋ ಹಳೆಯ ಪಾಸ್ ಪುಸ್ತಕವೋ ಇರಬಹುದು. ಬೀಗವುಳ್ಳ ಪೆಟ್ಟಿಗೆಯಲ್ಲಿ ಇಟ್ಟು, ಕೇಳಿದಾಗ ಕೊಡಿರಿ.

ನಾಲ್ಕನೆಯದಾಗಿ ರೋಗ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮುವವನನ್ನು ಸರ್ಕಾರಿ ಆಸ್ಪತ್ರೆಗೆ ಕರಕೊಂಡು ಹೋಗಿ ಕಫ ಪರೀಕ್ಷೆ ಮಾಡಿಸಬೇಕು. ಕ್ಷಯಕ್ಕೆ ಔಷಧವು ಬೆಲೆಯಿಲ್ಲದೆ ದೊರಕುತ್ತದೆ. ಆದರೆ ಸಾಧಾರಣವಾಗಿ ಆರು ತಿಂಗಳು ತಪ್ಪದೆ ತೆಗೆದುಕೊಳ್ಳಬೇಕು. ದಿನವೂ ಸ್ಥಳ ಬದಲಾಯಿಸುವವನಿಂದ ಅದು ಸಾಧ್ಯವಲ್ಲ. ಆದದರಿಂದ ಅಂಥವನಿಗೆ ಮಾತ್ರೆಯಷ್ಟೇ ಸೂರೂ ಔಷಧವಾಗಿದೆ. ರೋಗಿಯನ್ನು ಬೆಳಗಾದ ಕೂಡಲೇ ಹೊರಗೆ ಕಳುಹಿಸುವ ಪದ್ಧತಿಯು ನಮ್ಮಲ್ಲಿ ಇರಬಾರದು.

ಐದನೆಯದಾಗಿ, ಮುದ್ದೆಗೆ ಪ್ರಾರ್ಥನೆಯನ್ನು ಬೆಲೆಯಾಗಿ ಇಡಬಾರದು. ಕರ್ತನು ಹತ್ತು ಕುಷ್ಠರೋಗಿಗಳನ್ನು ವಾಸಿಮಾಡಿದಾಗ ಒಬ್ಬನೇ ತಿರುಗಿ ಬಂದನು. ಉಳಿದ ಒಂಬತ್ತು ಮಂದಿಯ ಮೈಯಿಂದ ವಾಸಿಯನ್ನು ಆತನು ಹಿಂದಕ್ಕೆ ತೆಗೆಯಲಿಲ್ಲ. ಬಂದವನು ಯಾವ ಜಾತಿಯವನಾದರೂ ಯಾವ ದೇವರನ್ನು ನೆನೆಯುವವನಾದರೂ ಅವನ ತಟ್ಟೆ, ಅವನ ಚಾಪೆ, ಅವನ ಮರ್ಯಾದೆ ಒಂದೇ ಆಗಿರಬೇಕು. ನಮ್ಮ ವಿಶ್ವಾಸವನ್ನು ನಮ್ಮ ನಡತೆಯಿಂದ ಅವನು ತಿಳಿಯಲಿ.

ಖರ್ಚಿನ ಮಾತು ಬಂದಾಗ ಒಂದು ಸಂಗತಿಯನ್ನು ನೆನಪಿಸುವೆವು. ನಿಮ್ಮ ಮನೆಕಂದಾಯದ ರಸೀದಿಯನ್ನು ತೆಗೆದು ನೋಡಿರಿ. ಅದರಲ್ಲಿ ಗ್ರಂಥಾಲಯ ಕರದ ಜೊತೆಯಲ್ಲಿ ಭಿಕ್ಷುಕರ ಕರವೆಂದು ಬರೆದಿರುವದು. ೧೯೭೫ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯಿದೆಯ ಪ್ರಕಾರ ಕಂದಾಯದ ನೂರು ರೂಪಾಯಿಗೆ ಮೂರು ರೂಪಾಯಿಯಂತೆ ಅದನ್ನು ಕೂಡಿಸುತ್ತಾರೆ. ಮನೆಯುಳ್ಳವರೆಲ್ಲರೂ ಮನೆಯಿಲ್ಲದವರಿಗಾಗಿ ಈಗಾಗಲೇ ಹಣ ಕೊಡುತ್ತಿದ್ದಾರೆ. ಕೊಟ್ಟ ಮೇಲೆ, ಆ ಹಣದಿಂದ ಏನಾಯಿತೆಂದು ಪಂಚಾಯತಿಯಲ್ಲಿ ವಿಚಾರಿಸುವ ಹಕ್ಕೂ ನಮಗುಂಟು.

೩. ಮನೆಗೆ ಸೇರಿಸುವದು

ಇದೇ ಪಾಠದ ಮುಖ್ಯ ಭಾಗವಾಗಿದೆ. ಆಶ್ರಮದ ವರದಿಗಳಲ್ಲಿ ಈ ವರ್ಷ ಇಷ್ಟು ಮಂದಿಗೆ ಇಷ್ಟು ಸಾವಿರ ಊಟ ಹಾಕಿದೆವೆಂದು ಬರೆಯುವದುಂಟು. ಅದು ಒಳ್ಳೆಯದೇ. ಆದರೆ ಎಷ್ಟು ಮಂದಿ ಸ್ವಂತ ಬಾಗಲಿನ ಬೀಗದ ಕೈಯನ್ನು ಹಿಡಿದು ಹೊರಟುಹೋದರು ಎಂಬದನ್ನೂ ಬರೆಯಬೇಕು. ಆಶ್ರಯಪ‌ಟ್ಟಣದಲ್ಲಿದ್ದವನು ಕೊನೆಯ ವರೆಗೆ ಅಲ್ಲೇ ಇರಬೇಕೆಂದು ದೇವರು ಬಯಸಲಿಲ್ಲ.

ಈ ಮಾತಿಗೆ ದೂರದೇಶದ ಒಂದು ಉದಾಹರಣೆಯನ್ನು ಹೇಳುವೆವು. ಫಿನ್ಲೆಂಡ್ ಎಂಬ ಚಳಿದೇಶದಲ್ಲಿ ೧೯೮೭ರಲ್ಲಿ ಮನೆಯಿಲ್ಲದವರು ೧೮ ಸಾವಿರಕ್ಕಿಂತ ಹೆಚ್ಚಾಗಿದ್ದರು. ಅಲ್ಲಿಯವರು ೨೦೦೮ರಿಂದ ಹೊಸ ರೀತಿಯನ್ನು ಹಿಡಿದರು. ಕುಡಿತ ಬಿಟ್ಟ ಮೇಲೆ, ಕೆಲಸ ಸಿಕ್ಕಿದ ಮೇಲೆ ಮನೆ ಎಂದು ಹೇಳುವದನ್ನು ಬಿಟ್ಟು, ಮೊದಲು ಬಾಡಿಗೆ ಕರಾರಿನೊಂದಿಗೆ ಸ್ವಂತ ಕೋಣೆಯನ್ನು ಕೊಟ್ಟು, ಬಳಿಕ ಉಳಿದ ಸಹಾಯವನ್ನು ಮಾಡತೊಡಗಿದರು. ರಾಜಧಾನಿಯಾದ ಹೆಲ್ಸಿಂಕಿಯಲ್ಲಿ ರಕ್ಷಣಾಸೈನ್ಯದವರು, ಅಂದರೆ ಸಾಲ್ವೇಷನ್ ಆರ್ಮಿಯವರು, ನಡಿಸುತ್ತಿದ್ದ ದೊಡ್ಡ ತಂಗುದಾಣವನ್ನು ಕೆಡವಿಸಿ ಕಟ್ಟದೆ, ಅದೇ ಕಟ್ಟಡವನ್ನು ಸುಮಾರು ೮೦ ಚಿಕ್ಕ ಮನೆಗಳಾಗಿ ಮಾರ್ಪಡಿಸಿದರು. ಆ ಪಟ್ಟಣದ ತಂಗುದಾಣಗಳಲ್ಲಿ ೨೦೦೮ರಲ್ಲಿ ೫೫೮ ಹಾಸಿಗೆಗಳಿದ್ದವು. ೨೦೧೬ರಲ್ಲಿ ಉಳಿದವು ೫೨. ದೇಶದಲ್ಲಿ ಮನೆಯಿಲ್ಲದವರು ೨೦೨೩ರಲ್ಲಿ ಸುಮಾರು ೩,೪೦೦ ಮಂದಿಗೆ ಇಳಿದರು. ೨೦೨೪ರಲ್ಲಿ ಆ ಸಂಖ್ಯೆಯು ಮತ್ತೆ ಸುಮಾರು ೩,೮೦೦ಕ್ಕೆ ಏರಿತು. ಇದರಿಂದ, ಈ ಕೆಲಸವನ್ನು ಒಮ್ಮೆ ಮಾಡಿ ಕೈಬಿಡಲಾಗದೆಂದೂ ತಿಳಿಯುತ್ತದೆ. ನಮ್ಮದು ಬೇರೆ ದೇಶ, ನಮ್ಮ ಬಡತನ ಬೇರೆ. ಆದರೆ ಕ್ರೈಸ್ತರಾದ ತಂಗುದಾಣದವರೇ ತಮ್ಮ ತಂಗುದಾಣವನ್ನು ಮುಚ್ಚುವದಕ್ಕೆ ಸಂತೋಷಪಟ್ಟರೆಂಬದು ನಮಗೂ ಪಾಠವಾಗಿದೆ.

ಮನೆಯ ಜೊತೆಗೆ ಕಸುಬು ಬೇಕು. ಇದನ್ನು ಬಾಸೆಲ್ ಮಿಷನಿನವರು ಮಂಗಳೂರಿನಲ್ಲಿ ಬಹಳ ಹಿಂದೆಯೇ ಕಂಡರು. ೧೮೩೪ರಲ್ಲಿ ಅವರು ಬಂದ ಮೇಲೆ ದೀಕ್ಷಾಸ್ನಾನ ಹೊಂದಿದ ಅನೇಕರು ಮನೆಯಿಂದಲೂ ಕುಲಕಸುಬಿನಿಂದಲೂ ಹೊರಗಾದರು. ಅವರಿಗೆ ಅನ್ನ ಹಾಕಿದರೆ ಸಾಲದೆಂದು ಮಗ್ಗಗಳನ್ನೂ, ೧೮೬೫ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ಸ್ಥಾಪಿಸಿದರು. ಮನೆ ಕಳಕೊಂಡವರ ಕೈಯಿಂದಲೇ ನಾಡಿನ ಮನೆಗಳಿಗೆ ಹೆಂಚು ಸಿದ್ಧವಾಯಿತು.

ನಮ್ಮ ಸಭೆಗಳು ಮಾಡತಕ್ಕದ್ದು ಇದಕ್ಕಿಂತ ಚಿಕ್ಕದು. ಬಂದವನಿಗೆ ಆಧಾರ್ ಚೀಟಿ, ಬ್ಯಾಂಕಿನ ಖಾತೆ, ಪಡಿತರ ಚೀಟಿ ಇಲ್ಲದಿದ್ದರೆ ಜೊತೆಯಲ್ಲಿ ಹೋಗಿ ಮಾಡಿಸುವದು. ಅರವತ್ತೈದು ದಾಟಿದ ಬಡವರಿಗೆ ಸಂಧ್ಯಾಸುರಕ್ಷಾ ವೇತನಕ್ಕೆ, ವಿಧವೆಗೆ ವಿಧವಾ ವೇತನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿಸುವದು. ದುಡಿಯಬಲ್ಲವನಿಗೆ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದು ಕೊಟ್ಟು, ಮೂರು ತಿಂಗಳ ಬಾಡಿಗೆಯನ್ನು ಸಭೆಯ ಧರ್ಮನಿಧಿಯಿಂದ ಸಲ್ಲಿಸುವದು. ಮನೆಯವರಿದ್ದರೆ ಸಭೆಯ ಹಿರಿಯನೊಬ್ಬನು ಮೊದಲು ತಾನೇ ಹೋಗಿ ಮಾತಾಡುವದು. ಅಲ್ಲಿ ಹೊಡೆತವೋ ಅವಮಾನವೋ ಕಾದಿದೆಯೆಂದು ತಿಳಿದರೆ ಒತ್ತಾಯದಿಂದ ಕಳುಹಿಸಬಾರದು. ಸೇರಿಸಿದ ಮೇಲೆ ಸಮಾರ್ಯದವನು ಹೇಳಿದಂತೆ ತಿರುಗಿ ಹೋಗಿ ನೋಡಬೇಕು. ಮೊದಲನೆಯ ವಾರ, ಮೊದಲನೆಯ ತಿಂಗಳು, ಮೊದಲನೆಯ ಹಬ್ಬ ಈ ಮೂರು ವೇಳೆಗಳಲ್ಲಿ ತಪ್ಪದೆ ಹೋಗಿರಿ. ಮುರಿಯುವ ಸಂಬಂಧವು ಹೆಚ್ಚಾಗಿ ಈ ಕಾಲದಲ್ಲಿಯೇ ಮುರಿಯುತ್ತದೆ.

ಮನೆಯು ಕೈತಪ್ಪದ ಹಾಗೆ

ಬಿದ್ದವನನ್ನು ಎತ್ತುವದಕ್ಕಿಂತ ಬೀಳದ ಹಾಗೆ ಹಿಡಿಯುವದು ಸುಲಭ. ಯಾಜಕಕಾಂಡದ ೨೫ನೆಯ ಅಧ್ಯಾಯದಲ್ಲಿ ಮನೆಯನ್ನು ಮಾರುವ ವಿಷಯವಾಗಿ ಒಂದು ಭೇದವುಂಟು. ಸುತ್ತುಗೋಡೆಯುಳ್ಳ ಪಟ್ಟಣದ ಮನೆಯನ್ನು ಮಾರಿದವನು ಒಂದು ವರ್ಷದೊಳಗೆ ಬಿಡಿಸಿಕೊಳ್ಳದಿದ್ದರೆ ಅದು ಕೊಂಡವನಿಗೇ ನಿಲ್ಲುವದು. ಆದರೆ ಗೋಡೆಯಿಲ್ಲದ ಹಳ್ಳಿಯ ಮನೆಯು ಹೊಲದಂತೆ ಎಣಿಸಲ್ಪಟ್ಟು ಜೂಬಿಲಿ ವರ್ಷದಲ್ಲಿ ತಿರುಗಿ ಬರುವದು. ಶ್ರೀರಂಗಪಟ್ಟಣದ ಕೋಟೆಗೋಡೆಯನ್ನೂ ಅದರ ಹೊರಗಿನ ನಮ್ಮ ಹಳ್ಳಿಗಳನ್ನೂ ಕಂಡವರಿಗೆ ಈ ಭೇದವು ಸುಲಭವಾಗಿ ಮನಸ್ಸಿಗೆ ಬರುವದು. ಹೊಲ ಗೇಯುವವನ ಮನೆಯನ್ನು ಅವನಿಂದ ಎಂದೆಂದಿಗೂ ಕಿತ್ತುಕೊಳ್ಳಬಾರದೆಂದು ದೇವರ ಚಿತ್ತವಾಗಿತ್ತು. ಬಿಡಿಸಿಕೊಳ್ಳಲು ಶಕ್ತಿಯಿಲ್ಲದವನಿಗಾಗಿ ಹತ್ತಿರದ ಬಂಧುವು ಬಿಡಿಸಬೇಕಾಗಿತ್ತು. ಸಭೆಯು ಆ ಬಂಧುವಿನ ಸ್ಥಾನದಲ್ಲಿ ನಿಂತಿದೆ.

ಹೆಬ್ಬೆಟ್ಟು ಒತ್ತುವ ಮುಂಚೆ ನಮ್ಮ ಹಿರಿಯರಿಗೆ ತಿಳಿಸಿರೆಂದು ಪ್ರತಿ ಸಭೆಯಲ್ಲಿಯೂ ಹೇಳಿರಿ. ಮನೆಯನ್ನು ಮಕ್ಕಳಿಗೆ ದಾನಪತ್ರವಾಗಿ ಬರೆಯುವ ತಂದೆತಾಯಿಗಳು, ಕೊನೆಯ ವರೆಗೆ ನಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಅದರಲ್ಲಿಯೇ ಸ್ಪಷ್ಟವಾಗಿ ಬರೆಯಿಸಬೇಕು. ೨೦೦೭ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯ ಪ್ರಕಾರ ಅಂಥ ಷರತ್ತನ್ನು ಮಕ್ಕಳು ಮುರಿದರೆ ದಾನಪತ್ರವನ್ನು ರದ್ದುಮಾಡಿಸಬಹುದು. ಅದೇ ಕಾಯಿದೆಯಲ್ಲಿ ಹಿರಿಯರನ್ನು ತೊರೆದುಬಿಡುವವರಿಗೆ ಮೂರು ತಿಂಗಳ ವರೆಗೆ ಸೆರೆಮನೆಯನ್ನೂ ದಂಡವನ್ನೂ ಹೇಳಿದೆ. ನಮ್ಮ ನಾಲ್ಕು ತಾಲೂಕುಗಳವರು ಇದಕ್ಕಾಗಿ ಪಾಂಡವಪುರದಲ್ಲಿರುವ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಕೊಡಬೇಕು, ವಕೀಲರನ್ನು ಹಿಡಿಯಬೇಕಾಗಿಲ್ಲ.

ನಮ್ಮ ಸ್ವಂತ ಸಭೆಯಲ್ಲಿಯೂ ತಪ್ಪುಂಟು. ಅಣ್ಣತಮ್ಮಂದಿರು ಸೇರಿ ವಿಧವೆಯಾದ ಅತ್ತಿಗೆಯನ್ನು ತವರಿಗೆ ಅಟ್ಟುವದನ್ನು ನೋಡಿಯೂ ಸುಮ್ಮನಿದ್ದ ಸಭೆಗಳನ್ನು ಬಲ್ಲೆವು. ಕ್ರೈಸ್ತರಿಗೆ ಅನ್ವಯಿಸುವ ೧೯೨೫ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ, ಉಯಿಲು ಬರೆಯದೆ ಗಂಡನು ಸತ್ತು ಮಕ್ಕಳಿದ್ದರೆ, ಅವನ ಸೊತ್ತಿನ ಮೂರರಲ್ಲಿ ಒಂದು ಪಾಲು ವಿಧವೆಗೂ, ಉಳಿದದ್ದು ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೂ ಸೇರತಕ್ಕದ್ದು. ಇದನ್ನು ಮದುವೆಯ ಸಿದ್ಧತೆಯ ಪಾಠದಲ್ಲಿಯೇ ಕಲಿಸಬೇಕು.

ಸಾಲವು ಇನ್ನೊಂದು ಕಾರಣ. ೨೦೨೫ರ ಜನವರಿಯಲ್ಲಿ ಸಣ್ಣ ಸಾಲ ಕೊಟ್ಟವರ ಕಾಟ ತಾಳಲಾರದೆ ಚಾಮರಾಜನಗರ ಮುಂತಾದ ಜಿಲ್ಲೆಗಳಲ್ಲಿ ಸಂಸಾರಗಳು ಮನೆಗೆ ಬೀಗ ಹಾಕಿ ಊರು ಬಿಟ್ಟವು. ಅದರ ಮುಂದಿನ ತಿಂಗಳಲ್ಲಿ ಸರ್ಕಾರವು ಸುಗ್ರೀವಾಜ್ಞೆಯನ್ನು ಹೊರಡಿಸಿ, ಬಲಾತ್ಕಾರದಿಂದ ವಸೂಲುಮಾಡುವವರಿಗೆ ಕಠಿಣ ಶಿಕ್ಷೆಯನ್ನು ವಿಧಿಸಿತು. ಆದರೆ ಒಬ್ಬನು ಊರು ಬಿಡುವ ಮುಂಚೆ ಸಭೆಯವರಿಗೆ ಅವನ ಸಾಲದ ಸುದ್ದಿ ತಿಳಿಯದಿದ್ದರೆ ನಮ್ಮ ಸಹೋದರತ್ವವು ಎಂಥದು? ಮೂರು ಭಾನುವಾರ ಆರಾಧನೆಗೆ ಬಾರದವನನ್ನು, ಏಕೆ ಬರಲಿಲ್ಲವೆಂದು ಗದರಿಸದೆ, ಮನೆಯಲ್ಲಿ ಒಲೆ ಉರಿಯುತ್ತದೋ ಎಂದು ಹೋಗಿ ನೋಡಬೇಕು. ಯಾಜಕಕಾಂಡದ ಅದೇ ಅಧ್ಯಾಯವು ಕೈಸೋತ ಸಹೋದರನಿಂದ ಬಡ್ಡಿ ತೆಗೆದುಕೊಳ್ಳಬಾರದೆಂದು ಆಜ್ಞಾಪಿಸುತ್ತದೆ.

ನಿವೇಶನವಿಲ್ಲದವರಿಗಾಗಿ ಪಂಚಾಯತಿಯ ಗ್ರಾಮಸಭೆಗೆ ತಪ್ಪದೆ ಹೋಗಿರಿ; ಸರ್ಕಾರದ ವಸತಿ ಯೋಜನೆಗಳ ಮನೆಗಳಿಗೆ ಹೆಸರುಗಳನ್ನು ಆರಿಸುವದು ಅಲ್ಲಿಯೇ. ಅಂದು ಬಾಯಿ ಮುಚ್ಚಿಕೊಂಡಿದ್ದು ಆ ಮೇಲೆ ಮರುಗುವದರಿಂದ ಫಲವಿಲ್ಲ.

ಆಲೋಚಿಸತಕ್ಕ ಪ್ರಶ್ನೆಗಳು

೧. ಯೆಹೋಶುವ ೨೦ರಲ್ಲಿ ಹಿರಿಯರು ಮಾಡಬೇಕಾದ ಮೂರು ಕೆಲಸಗಳಾವವು? ನಮ್ಮ ಸಭೆಯು ಅವುಗಳಲ್ಲಿ ಯಾವದನ್ನು ಮಾಡುತ್ತಿದೆ?

೨. ನಮ್ಮ ಊರಿನಿಂದ ಕಳೆದ ಹತ್ತು ವರ್ಷಗಳಲ್ಲಿ ಸುದ್ದಿಯಿಲ್ಲದೆ ಹೋದವರು ಯಾರು? ಅವರ ಹೆಸರುಗಳನ್ನು ಬರೆಯಿರಿ.

೩. ನಮ್ಮ ಊರಿನ ಬದಿಯಲ್ಲಿ ಟಾರ್ಪಾಲಿನ ಕೆಳಗೆ ವಾಸಿಸುವವರಿಗೆ ನೀರೂ ದೀಪವೂ ಮಕ್ಕಳಿಗೆ ಶಾಲೆಯೂ ಉಂಟೋ?

೪. ನಮ್ಮ ಸಭೆಯಲ್ಲಿ ಯಾವ ವಿಧವೆಗಾದರೂ ಯಾವ ಮುದುಕರಿಗಾದರೂ ಮನೆ ಕೈತಪ್ಪುವ ಭಯವುಂಟೋ?

ಈ ತಿಂಗಳಿನ ಕೆಲಸ

ಎರಡನೆಯ ಪ್ರಶ್ನೆಗೆ ಬರೆದ ಹೆಸರುಗಳ ಪಟ್ಟಿಯನ್ನು ಪ್ರತಿ ಸಭೆಯವರೂ ನಮಗೆ ಕಳುಹಿಸಿಕೊಡಿರಿ. ಶ್ರೀರಂಗಪಟ್ಟಣದಲ್ಲಿಯೂ ಮೇಲುಕೋಟೆಯಲ್ಲಿಯೂ ಬೀದಿಯಲ್ಲಿರುವವರನ್ನು ಕೂತು ಕೇಳಿ ನಾವು ಬರೆದುಕೊಳ್ಳುವ ಪಟ್ಟಿಯೊಂದಿಗೆ ಅದನ್ನು ಸರಿನೋಡುವೆವು. ಎರಡು ಪಟ್ಟಿಗಳಲ್ಲಿ ಒಂದೇ ಹೆಸರು ಸಿಕ್ಕಿದರೆ ಒಬ್ಬರು ಮನೆ ಸೇರುವರು. ಈ ವರ್ಷದ ಕ್ರಿಸ್ಮಸ್ ಹಬ್ಬದಲ್ಲಿ ಕಂಬಳಿಯನ್ನೂ ಕೊಡೋಣ. ಆದರೆ ಕೊಡುವ ಮುಂಚೆ ಪಕ್ಕದಲ್ಲಿ ಕೂತು, ಯಾವೂರು ನಿಮ್ಮದು ಎಂದು ಕೇಳೋಣ. ಛತ್ರದಲ್ಲಿ ಸ್ಥಳವಿಲ್ಲದೆ ಹುಟ್ಟಿದ ಕರ್ತನು ನಮ್ಮ ಬಾಯಲ್ಲಿ ಆ ಮಾತನ್ನೂ ನಮ್ಮ ಕಾಲುಗಳಲ್ಲಿ ಅವರ ಊರಿನ ವರೆಗೆ ನಡೆಯುವ ಶಕ್ತಿಯನ್ನೂ ಅನುಗ್ರಹಿಸಲಿ.